ಪಟ್ಟೆ ಚೀಲದ ನೊಣ

ಬಲತೋನ್ ಸರೋವರದ ಜೊಂಡಿನಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ಎಟೆಲ್ಕಾ ನಮಗೆಲ್ಲ ನೇನಿ, ಅಂದರೆ ದೊಡ್ಡಮ್ಮ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹಕ್ಕಿಗಿಂತ, ಅದರ ಗರಿಯೊಳಗೆ ಅವಿತು ರಕ್ತ ಹೀರುವ ಚಪ್ಪಟೆ ನೊಣದ ಮೇಲೇ ಪ್ರೀತಿ. ದೇಶದಲ್ಲಿ ಯಾರೂ ಕಾಣದ ಒಂದು ನೊಣ ತಮ್ಮ ಹೆಸರಲ್ಲಿ ದಾಖಲಾಗಬೇಕು, ಇದೊಂದೇ ಆಸೆ.

ಜೂನಿನಲ್ಲಿ ಸಿಕ್ಕೇಬಿಟ್ಟಿತು. ನೊಣ ಗುರುತಿಸುವುದು ನನ್ನ ಹೊಟ್ಟೆಪಾಡು. ಆದರೂ ಅದರ ರೆಕ್ಕೆಯ ನರ ನೋಡಿ ತಲೆ ಕೆರೆದುಕೊಂಡೆ. ಅದು ಸ್ಪೇನಿನ ಕಡೆಯದು. ಅದು ಕೂತಿದ್ದ ಹಕ್ಕಿಯೋ, ಇದೇ ಜೊಂಡಿನಲ್ಲಿ ಮೊನ್ನೆ ಗೂಡು ಬಿಟ್ಟ ಮರಿ.

"ಗಾಳಿ ಹೊತ್ತು ತಂದಿರ್ಬೇಕು," ಎಂದರು ನೇನಿ.

"ಅಷ್ಟು ದೂರದಿಂದಾನಾ? ಟಿಕೆಟ್ ತಗೊಂಡು ಬಂತಾ?"

"ನಿಂಗೆ ಹೊಟ್ಟೆಕಿಚ್ಚು ಕಣೋ ಬಾಲಿಂಟ್. ಸುಮ್ನೆ ನನ್ನ ಹೆಸರು ಬರಿ."

ಬರೆಯಲು ಕೈ ಬರಲಿಲ್ಲ. ಮರಿಯನ್ನು ಬಲೆಯಿಂದ ಬಿಡಿಸಿ ಯಾವ ಚೀಲಕ್ಕೆ ಹಾಕಿದ್ದು ಎಂದು ಕೇಳಿದೆ. ಉಂಗುರ ತೊಡಿಸುವ ತನಕ ಹಕ್ಕಿಯನ್ನಿಡಲು ಹಳೆಯ ದಿಂಬಿನ ಕವರಿನಲ್ಲಿ ಹೊಲಿದ ನಮ್ಮ ಹಕ್ಕಿಚೀಲಗಳನ್ನು ಹಕ್ಕಿ ಹಿಡಿಯುವ ಋತು ಮುಗಿದೊಡನೆ ಕುದಿನೀರಲ್ಲಿ ಒಗೆಯಲೇಬೇಕು. ಬೈದು ಬೈದು ನಮಗದನ್ನು ಕಲಿಸಿದವರೇ ನೇನಿ. ಅವರು ಗೋಡೆಯ ಮೊಳೆಯತ್ತ ಕೈ ತೋರಿಸಿದರು. ಅಲ್ಲಿದ್ದದ್ದು ನೀಲಿ ಪಟ್ಟೆಯ ಚೀಲ, ಅವರ ಗಂಡ ಲೋರಿಂಟ್ಸ್ ಅವರದು. ಹೋದ ಶರತ್ಕಾಲ ಸ್ಪೇನಿನಲ್ಲಿ ಹಕ್ಕಿ ಹಿಡಿದು ಬಂದವರು ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡರು.

"ಇದನ್ನ ಒಗೆದಿಲ್ವಾ?"

"ಮಿಕ್ಕಿದ್ದೆಲ್ಲಾ ಒಗೆದೆ. ಇದಕ್ಕೆ ಮನಸ್ಸು ಬರ್ಲಿಲ್ಲ. ಅವನ ತಂಬಾಕಿನ ವಾಸನೆ ಇತ್ತು."

ಚೀಲವನ್ನು ಒಳಹೊರಗು ಮಾಡಿದೆ. ಹೊಲಿಗೆಯ ಮೂಲೆಯಲ್ಲಿ ಸಾಸಿವೆಯಂಥ ಎರಡು ಕಪ್ಪು ಕಾಳು. ಅವು ಈ ಜಾತಿಯ ನೊಣ ಒಳಗೆ ಬೆಳೆದು ಹೊರಬರುವ ಕೋಶಗಳು. ಒಂದು ಒಡೆದು ಖಾಲಿಯಾಗಿತ್ತು. ಸ್ಪೇನಿನಿಂದ ಚೀಲದಲ್ಲೇ ಬಂದು, ಇಲ್ಲಿ ಹೊರಬಿದ್ದು, ಮರಿಯನ್ನು ಏರಿದ ನೊಣ. ಮನುಷ್ಯರ ಸಾಮಾನಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ದಾಖಲೆ ಕೈತಪ್ಪಿತು ಎಂದು ನೇನಿಗೆ ನಾನು ಹೇಳಬೇಕಾಗಿ ಬರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಲೇ ಇದ್ದರು.

"ಇನ್ನೊಂದು ಒಡೆದಿಲ್ಲ," ಎಂದರು ಮೆಲ್ಲಗೆ. "ಒಳಗೆ ಜೀವ ಇದ್ಯೇನೋ?"

"ಇರಬಹುದು ನೇನಿ. ಗೊತ್ತಾಗ್ತಿಲ್ಲ."

ಒಲೆಯ ಮೇಲೆ ಕಾಫಿಗೆಂದು ಇಟ್ಟ ನೀರು ಕುದಿಯುತ್ತಿತ್ತು. ನೇನಿ ಚೀಲ ಹಿಡಿದು ಒಲೆಯ ತನಕ ಹೋದರು, ವಾಪಸು ಬಂದರು, ಮತ್ತೆ ಹೋದರು. ಕೊನೆಗೆ ಅದರ ಬಾಯಿಯನ್ನು ಬಿಗಿಯಾಗಿ ಕಟ್ಟಿ ಅದೇ ಮೊಳೆಗೆ ತೂಗುಹಾಕಿದರು.

"ಅವನು ತಂದಿದ್ದು ಕಣೋ," ಎಂದರು. "ನೀನೇ ಹೇಳು, ಹೆಂಗೆ ಒಗೀಲಿ?"