ದೊಡ್ಡಪ್ಪನ ಮೌನ

ಕೋಪಗೊಂಡವನನ್ನು ಶಾಂತಗೊಳಿಸುವುದಕ್ಕಿಂತ ದೊಡ್ಡ ಪುಣ್ಯ ಲೋಕದಲ್ಲಿ ಇನ್ನೊಂದಿಲ್ಲ. ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದ ಮೂವತ್ತು ವರ್ಷದಲ್ಲಿ ಪೂರ್ತಿ ಶಾಂತವಾದದ್ದು ಶಾಲೆಯ ಗಂಟೆ ಒಂದೇ. ಅದೂ ಯಾರೋ ಕದ್ದದ್ದರಿಂದ.

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ವಠಾರದಲ್ಲಿ ಒಬ್ಬ ಯಜಮಾನರು, ಅವರ ತೀರಿಹೋದ ತಮ್ಮನ ಹೆಂಡತಿ, ಆಕೆಯ ಮಗಳು. ಇಬ್ಬರ ಮನೆಗೂ ಬೋರ್‌ವೆಲ್ ಒಂದೇ. ಬೆಳಿಗ್ಗೆ ಏಳಾದರೆ ಯಜಮಾನರ ಗಂಟಲು ಶುರು. ತಮ್ಮನ ಹೆಂಡತಿಗೆ ನೇರವಾಗಿ ಬಯ್ಯುವುದು ಮರ್ಯಾದೆಯಲ್ಲವೆಂದು ಮಗಳನ್ನು ಕೂಗುವರು: "ಲೇ ಕೂಸೇ, ನಿಮ್ಮವ್ವನ್ಗೆ ಯೇಳು, ಮೋಟ್ರು ಆಫ್ ಮಾಡಾಕೆ ಅವ್ಳ ತವರಿಂದ ಆಳು ಬರ್ಬೇಕಾ?"

ಆ ಕೂಸಿಗೆ ಅರಕಲಗೂಡಿನಿಂದ ಗಂಡು ಗೊತ್ತಾಯಿತು. ತಂದೆಯಿಲ್ಲದ್ದರಿಂದ ಧಾರೆ ಎರೆಯಬೇಕಾದವರು ದೊಡ್ಡಪ್ಪನೇ. ಮಾತುಕತೆಗೆ ಬೀಗರು ಬಂದು ಕೂತಿದ್ದಾಗ ಹಿತ್ತಲಿನಲ್ಲಿ ಟ್ಯಾಂಕು ತುಂಬಿ ಹರಿಯಿತು. ಯಜಮಾನರು ಎದ್ದು ನಿಂತು ಆರಂಭಿಸಿದರು. ಸಂಬಂಧ ಮುರಿದೀತೆಂದು ಹೆದರಿ, ಪಕ್ಕದ ಮನೆಯವನೆಂದು ಅಲ್ಲಿ ಕೂತಿದ್ದ ನಾನು ತರಗತಿಯ ಅಭ್ಯಾಸದಂತೆ ಬೆರಳೆತ್ತಿ, "ಕಾಮ್ ಡೌನ್" ಅಂದೆ.

ಅವರು ಕೂತರು. ಸುಮ್ಮನಾದರು. ಬೀಗರು ನನ್ನನ್ನು ಗೌರವದಿಂದ ನೋಡಿದರು. ನಾನು ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡೆ.

ಮರುದಿನ ಏಳಾಯಿತು, ಏಳೂವರೆಯಾಯಿತು, ಗಂಟಲಿಲ್ಲ. ಟ್ಯಾಂಕು ತುಂಬುವ ಹೊತ್ತಿಗೆ ಯಜಮಾನರೇ ಬಂದು ಮೋಟರ್ ಆಫ್ ಮಾಡಿ, ಯಾರ ಮುಖವನ್ನೂ ನೋಡದೆ ಹೋದರು. ಹಾಗೇ ಹತ್ತು ದಿನ. ಮಗಳು "ದೊಡ್ಡಪ್ಪಾ" ಎಂದು ಕಾಫಿ ತಂದರೆ ಲೋಟ ತಗೊಂಡರು, ಮಾತಾಡಲಿಲ್ಲ. ಬೀದಿಯ ಹೆಂಗಸರು ಆ ಬಾಗಿಲ ಮುಂದೆ ದನಿ ತಗ್ಗಿಸಿ ಹೋಗತೊಡಗಿದರು. ಸಾವಾದ ಮನೆಯ ಮುಂದೆ ಹೋಗುವುದು ಹಾಗೆ.

ಹುಡುಗಿಯ ತಾಯಿ ನನ್ನ ಜಗಲಿಗೆ ಬಂದರು. "ಬಾವನಿಗೆ ಅದೇನಂದ್ರಿ ಮೇಷ್ಟ್ರೇ?"

"ಸಮಾಧಾನ ಮಾಡ್ಕಳಿ ಅಂತ, ಇಂಗ್ಲಿಷ್‌ನಲ್ಲಿ."

"ಕನ್ನಡದಾಗೆ ಅಂದಿದ್ರೆ ನಿಮ್ಮನ್ನೂ ಸೇರ್ಸಿ ಬೈದ್ಬುಟ್ಟು ಸರಿಯಾಗೋರು. ಅವ್ರು ಬೈತಿದ್ರೆ ಮನೇಗೆ ಒಬ್ಬ ಗಂಡಸವ್ನೆ ಅನ್ನೋ ಧೈರ್ಯ ಇತ್ತು. ಈಗ ಲಗ್ನಪತ್ರಿಕೆ ಇಟ್ಟು ಬಂದ್ರೂ ಮುಟ್ಲಿಲ್ಲ."

ನಮ್ಮ ಕಡೆ ಬಯ್ಯುವವರಿಂದ ಅಪಾಯವಿಲ್ಲ. ಮಾತು ಬಿಟ್ಟವರದ್ದೇ ಕಷ್ಟ; ಮೊಮ್ಮಕ್ಕಳವರೆಗೂ ಬಿಟ್ಟೇ ಇರುತ್ತಾರೆ. ಇದನ್ನು ತಿಳಿದೂ ನಾನು ಬೆರಳೆತ್ತಿದ್ದೆ. ಸಂಜೆ ಯಜಮಾನರ ಹತ್ತಿರ ತಪ್ಪೊಪ್ಪಿಕೊಳ್ಳಲು ಹೋದೆ.

"ಕುತ್ಕಳಿ ಸಾ," ಎಂದು ಚಾಪೆ ಹಾಕಿದರು. ಅಷ್ಟು ವರ್ಷದಲ್ಲಿ ನನಗೆ ಅವರು ಸಾ ಅಂದದ್ದು ಅದೇ ಮೊದಲು.

"ಬೈದ್ಬುಡಿ ಯಜಮಾನ್ರೇ, ತಪ್ಪು ನಂದು."

"ತಪ್ಪೇನೈತೆ ಸಾ? ಬೀಗರ ಮುಂದೆ ಇಸ್ಕೂಲ್ ಐಕ್ಳಿಗೆ ತೋರ್ಸ್ದಂಗೆ ಬೆಳ್ಳು ತೋರಿಸ್ದ್ರಿ. ಕೂಸಿನವ್ವನೂ ನೋಡ್ತಾ ನಿಂತಿದ್ಲು. ಬ್ಯಾಡ ಅನ್ನಲಿಲ್ಲ."

ನಾನು ಮೂರು ಸಲ ಕ್ಷಮೆ ಕೇಳಿದೆ. ಮೂರು ಸಲವೂ ಅವರು ವಿನಯವಾಗಿ ತಲೆಯಾಡಿಸಿದರು. ಒಂದು ಬೈಗುಳಕ್ಕಾಗಿ ಮನುಷ್ಯ ಹೀಗೆ ಹಂಬಲಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ನಡೆಯಿತು. ಯಜಮಾನರು ಬಂದಾರೆಂದು ಮುಹೂರ್ತ ಮೀರುವ ಹೊತ್ತಿನವರೆಗೂ ಎಲ್ಲರೂ ಕಾದರು. ಧಾರೆಯನ್ನು ಹುಡುಗಿಯ ಸೋದರಮಾವ ಎರೆದರು.