ಎರಡನೆಯ ಗೆರೆ

ಆ ಜ್ವರದ ದಿನಗಳನ್ನು ನೆನೆದಾಗಲೆಲ್ಲ ನಡೆದದ್ದೆಲ್ಲ ನೀರಿನೊಳಗೆ ನಡೆದಂತೆ ಕಾಣುತ್ತದೆ. ಹಳ್ಳಿಮೈಸೂರಿನಿಂದ ಹೊಳೆನರಸೀಪುರದ ಆಸ್ಪತ್ರೆಗೆ ಗಂಡನ ಬೈಕಿನ ಹಿಂದೆ ಕೂತು ಹೋದೆ. ಕಣ್ಣುಗುಡ್ಡೆಗಳ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತುತ್ತಿದ್ದಂತೆ ನೋವು. ಮುಸುಕಿನ ಜೋಳದ ಹೊಲಗಳು ಎರಡೂ ಕಡೆ ಮೆಲ್ಲಗೆ ತೇಲಿಹೋಗುತ್ತಿದ್ದವು. ಗಂಡನ ಬೆನ್ನಿಗೆ ಹಣೆ ಆನಿಸಿದ್ದೆ. ಅವರು ಏನೋ ಹೇಳುತ್ತಿದ್ದರು, ಆ ದನಿ ಬೆನ್ನೊಳಗಿಂದ ಗುಂಯ್ ಎನ್ನುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ರಕ್ತಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ತಲೆತುಂಬ ಸೆರಗು ಹೊದ್ದು ನಡುಗುತ್ತಿದ್ದಳು. ಪಕ್ಕದಲ್ಲಿ ಕೂತ ಮೇಲೆ ಗೊತ್ತಾಯಿತು, ಅವಳು ನನ್ನ ವಾರಗಿತ್ತಿ, ಭಾವನ ಹೆಂಡತಿ. ಅಕ್ಕ ಎಂದೇ ಕರೆಯುತ್ತಿದ್ದೆ. ಮನೆ ಪಾಲಾದಾಗ ಅಣ್ಣತಮ್ಮಂದಿರು ಹಿತ್ತಲಿನ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟರು. ಅವರು ಬಿಟ್ಟರೆಂದು ನಾವೂ ಬಿಟ್ಟೆವು. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು, ಅವಳಿಗೆ ಜ್ವರ ಬಂದದ್ದು ನನಗೆ ತಿಳಿದಿರಲಿಲ್ಲ.

ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಅಕ್ಕನಿಗೆ ಸೂಜಿ ಎಂದರೆ ಮೊದಲಿನಿಂದಲೂ ಹೆದರಿಕೆ. ರಕ್ತ ತೆಗೆಯುವಾಕೆ ತೋಳಿಗೆ ರಬ್ಬರು ಬಿಗಿದು, "ಮುಷ್ಟಿ ಕಟ್ಕಳಿ, ಸೂಜಿ ನೋಡ್ಬ್ಯಾಡಿ, ಆ ಕಡೆ ನೋಡಿ" ಎಂದಳು. ಆ ಕಡೆ ನಾನಿದ್ದೆ.

"ಇಲ್ಲೇ ಇರೇ. ಎಲ್ಲೂ ಓಗ್ಬ್ಯಾಡ" ಎಂದಳು ಅಕ್ಕ.

ಎಷ್ಟೋ ಕಾಲದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು. ಕೈ ಹಿಡಿದುಕೊಂಡೆ. ಯಾರ ಕೈ ಹೆಚ್ಚು ಸುಡುತ್ತಿತ್ತೋ ತಿಳಿಯಲಿಲ್ಲ.

ಯಂತ್ರದಲ್ಲಿ ತಿರುಗಿ ಬಂದ ಕೊಳವೆಗಳಲ್ಲಿ ಕೆಂಪು ಕೆಳಗಿಳಿದು, ಮೇಲೆ ಹಳದಿ ತಿಳಿ ನಿಂತಿತ್ತು. ಆಕೆ ಅದರ ಹನಿಗಳನ್ನು ಎರಡು ಪುಟ್ಟ ಬಿಳಿ ಪಟ್ಟಿಗಳಿಗೆ ಹಾಕಿ ಕಿಟಕಿಯ ಪಕ್ಕ ಇಟ್ಟಳು. "ಎರಡು ಗೆರೆ ಬಂದ್ರೆ ಡೆಂಗಿ" ಎಂದಳು.

ಅಂಥ ಪಟ್ಟಿ ನನಗೆ ಹೊಸದಲ್ಲ. ಮದುವೆಯಾದ ಮೇಲೆ ತಿಂಗಳು ತಪ್ಪಿದಾಗಲೆಲ್ಲ ಬಚ್ಚಲುಮನೆಯ ಬೆಳಕಿಗೆ ಹಿಡಿದು ಎರಡನೆಯ ಗೆರೆಗಾಗಿ ಕಾದಿದ್ದೇನೆ. ಒಂದೇ ಒಂದು ಸಲ ಮೂಡಿತ್ತು. ಆ ಬಸಿರು ಕೆಲವು ವಾರ ನಿಂತು, ಹೋಯಿತು. ಆಗ ನನ್ನ ಪಕ್ಕದಲ್ಲಿ ಮಲಗಿ, ನೆತ್ತಿಗೆ ಎಣ್ಣೆ ತಟ್ಟಿ, ಏನೂ ಕೇಳದೆ ಇದ್ದವಳು ಅಕ್ಕ.

ಈಗ ನನ್ನ ಪಟ್ಟಿಯಲ್ಲಿ ಮಸುಕಾಗಿ ಒಂದು ನೆರಳು ಕಂಡಿತು. ನೋಡನೋಡುತ್ತ ಗುಲಾಬಿಯಾಯಿತು. ಅಕ್ಕನೂ ಅದನ್ನೇ ನೋಡುತ್ತಿದ್ದಳು.

"ಬೇಕು ಅಂದಾಗ ಬರ್ನಿಲ್ಲ. ಈಗ ಬಂದದೆ ನೋಡು, ಹಾಳಾದ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳ ಪಟ್ಟಿಯಲ್ಲಿ ಒಂದೇ ಗೆರೆ. ಆದರೂ ಡಾಕ್ಟರು ಅವಳನ್ನು ಬಿಡಲಿಲ್ಲ. "ನಿಮಗೆ ಜ್ವರ ಶುರುವಾಗಿ ಸುಮಾರು ದಿನ ಆಗಿದೆ. ಇದರಲ್ಲಿ ಕಾಣದೆ ಇರಬಹುದು. ರಕ್ತ ಹಾಸನಕ್ಕೆ ಕಳಿಸಿ ಇನ್ನೊಂದು ಪರೀಕ್ಷೆ ಮಾಡಿಸ್ತೀವಿ, ಅಲ್ಲೀವರೆಗೆ ಇಲ್ಲೇ ಇರಿ" ಎಂದರು.

ಅಕ್ಕಪಕ್ಕದ ಮಂಚ ಸಿಕ್ಕಿತು. ಸೊಳ್ಳೆಪರದೆಯೊಳಗಿಂದ ಅವಳು ಮಂಜಿನಾಚೆ ಮಲಗಿದವಳಂತೆ ಕಾಣುತ್ತಿದ್ದಳು. ನನ್ನ ಪ್ಲೇಟ್‌ಲೆಟ್ ದಿನವೂ ಇಳಿಯುತ್ತಿತ್ತು, ದಿನವೂ ರಕ್ತ ತೆಗೆಯುತ್ತಿದ್ದರು. ಕಣ್ಣು ಮುಚ್ಚಿದರೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿಯ ಚರ್ಚು, ಅದರ ಕಮಾನುಗಳೊಳಗೆ ತೆಪ್ಪ, ತೆಪ್ಪದಲ್ಲಿ ಹುಟ್ಟು ಹಾಕುತ್ತಿರುವ ಅಕ್ಕ. ಎಚ್ಚರವಾದಾಗ ಅವಳು ನಿಜಕ್ಕೂ ಪರದೆ ಎತ್ತಿ ಬಾಯಿಗೆ ಎಳನೀರು ಹಿಡಿದಿರುತ್ತಿದ್ದಳು. "ಒಂದೇ ಗುಟುಕು ಕಣವ್ವ, ಕುಡಿ" ಎನ್ನುತ್ತಿದ್ದಳು. ಅವಳಿಗೂ ಜ್ವರವಿದೆ ಎಂಬುದು ನನಗೆ ಮರೆತೇಹೋಗುತ್ತಿತ್ತು.

ಹಾಸನದಿಂದ ವರದಿ ಬಂತು, ಅವಳದೂ ಡೆಂಗಿ. "ಇಬ್ರಿಗೂ ಒಂದೇ ಕಣೇ" ಎಂದಳು, ಸೀರೆ ಅಂಗಡಿಯಲ್ಲಿ ಒಂದೇ ಬಣ್ಣದ ಜೋಡಿ ಸಿಕ್ಕಂತೆ. ನಗಲು ಹೋಗಿ ಇಬ್ಬರಿಗೂ ಮೈ ನೋವು ಕಿತ್ತುಕೊಂಡು ಬಂತು.

ವರದಿಯ ಬೆನ್ನಿಗೇ ಆರೋಗ್ಯ ಇಲಾಖೆಯವರು ನಮ್ಮ ಎರಡೂ ಮನೆಗಳಲ್ಲಿ ಸೊಳ್ಳೆಮರಿ ಹುಡುಕಿದರಂತೆ. ತೊಟ್ಟಿ, ಡ್ರಮ್ಮುಗಳಲ್ಲಿ ಏನೂ ಇರಲಿಲ್ಲ. ಹಿತ್ತಲಿನ ಗಡಿಯಲ್ಲಿ ದನ ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿಯಲ್ಲಿ ಮರಿಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಪಾಲಿನಲ್ಲಿ ಆ ಬಾನಿ ಯಾರಿಗೂ ಸೇರಿರಲಿಲ್ಲ. ತಮ್ಮದಲ್ಲವೆಂದು ಇವರೂ ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ. ಮಳೆನೀರು ನಿಂತೇ ಇತ್ತು.

"ಆಮೇಲೆ?" ಎಂದು ಗಂಡನನ್ನು ಕೇಳಿದೆ.

"ಆಮೇಲೇನು, ಅಣ್ಣ ಆ ಕಡೆ ಹಿಡ್ಕಂಡ, ನಾನ್ ಈ ಕಡೆ ಹಿಡ್ಕಂಡೆ. ಮಗುಚಿ ಆಕುದ್ವಿ" ಎಂದರು.

"ಮಾತಾಡುದ್ರಾ?"

"'ಉಷಾರು, ಕಾಲ್ ಮೇಲೆ ಬಿದ್ದಾತು' ಅಂದ."

ಪ್ಲೇಟ್‌ಲೆಟ್ ಏರತೊಡಗಿದ ಮೇಲೆ ಇಬ್ಬರನ್ನೂ ಕಳಿಸಿದರು. ಒಂದೇ ಆಟೋದಲ್ಲಿ, ಒಬ್ಬರ ಭುಜಕ್ಕೆ ಒಬ್ಬರು ಒರಗಿ ಊರಿಗೆ ಬಂದೆವು. ನಮ್ಮ ಬಾಗಿಲ ಬೀಗ ತೆಗೆಯಲು ಕೈಯಲ್ಲಿ ಶಕ್ತಿಯಿರಲಿಲ್ಲ. ಅಕ್ಕ ನನ್ನ ತೋಳು ಬಿಡದೆ, "ಆಮೇಲ್ ತಗುದ್ರಾಯ್ತು, ಬಾ" ಎಂದಳು. ಅವಳ ನಡುಮನೆಯ ಚಾಪೆಯ ಮೇಲೆ ಮಲಗಿದವಳಿಗೆ ಬಿಸಿಲು ಇಳಿಯುವವರೆಗೂ ಎಚ್ಚರವಾಗಲಿಲ್ಲ.