ತಗಡಕ್ಕನ ತಾಮ್ರದ ಚಾವಣಿ

ಗುಜರಿಯವನ ಲಾರಿ ಶೆಡ್ಡಿನ ಬಾಗಿಲಿಗೆ ಹಿಂಬದಿ ಹಾಕಿ ನಿಂತದ್ದೇ ತಡ, ತಗಡಕ್ಕ ಹೋಗಿ ಅಪ್ಪನ ತಗಡು ಒತ್ತುವ ಪ್ರೆಸ್ಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಇಳಿಯೇ," ಅಂದ ಅಣ್ಣ.

"ಇಳಿಯಲ್ಲ. ತೂಕ ಹಾಕಿಸೋದಾದ್ರೆ ನನ್ನನ್ನೂ ಸೇರಿಸಿ ಹಾಕಿಸು."

ಗುಜರಿಯವನು ತಲೆ ಕೆರೆದುಕೊಂಡ. "ನಾವು ಬರೀ ಕಬ್ಬಿಣ ತಗೊಳ್ಳೋರಮ್ಮ."

"ನಾನೇನು ಹತ್ತಿ ಮೂಟೇನಾ?"

ಬೀದಿಯವರು ಅವಳಿಗೆ ತಗಡಕ್ಕ ಅಂತ ಹೆಸರಿಟ್ಟದ್ದು ಗೌರವದಿಂದಲ್ಲ. ಓರಗೆಯ ಹುಡುಗಿಯರು ಹೊಲಿಗೆ ಕಲಿಯುತ್ತಿದ್ದ ವಯಸ್ಸಿನಲ್ಲಿ ಅವಳು ಅಪ್ಪನ ಜೊತೆ ನಿಂತು ತಗಡು ಒತ್ತುತ್ತಿದ್ದಳು. ಅಪ್ಪ ಕಬ್ಬಿಣದ ಅಚ್ಚಿನಲ್ಲಿ ಉಳಿಯಿಂದ ಹೂವು, ಬಳ್ಳಿ, ಶಂಖ ಕೊರೆಯುತ್ತಿದ್ದ. ಜೋಡಿ ಅಚ್ಚಿನ ನಡುವೆ ತಗಡಿಟ್ಟು ಪ್ರೆಸ್ ಇಳಿಸಿದರೆ ಚಿತ್ರ ಉಬ್ಬಿ ಬರುತ್ತಿತ್ತು. ಒಂದು ಕಾಲಕ್ಕೆ ದೊಡ್ಡ ಅಂಗಡಿ, ನಾಟಕದ ಮನೆ, ಡಾಕ್ಟರ ಕೋಣೆ ಎಲ್ಲದರ ಚಾವಣಿಗೂ ಆ ಉಬ್ಬುಚಿತ್ರದ ತಗಡಿನ ಚೌಕಗಳೇ ಬೇಕಿದ್ದವು. ಆಮೇಲೆ ಜಿಪ್ಸಮ್ಮಿನ ಬಿಳೀ ಬೋರ್ಡು ಬಂತು, ಅಗ್ಗವಾಯಿತು, ಅಪ್ಪನನ್ನು ಕೇಳುವವರೇ ಇಲ್ಲವಾದರು. ಅಪ್ಪ ಹೋದ ಮೇಲೆ ಅಣ್ಣ, ಅತ್ತಿಗೆ ಇಬ್ಬರಿಗೂ ಆ ಶೆಡ್ಡು ಬಿಳಿಯಾನೆಯಂತೆ ಕಂಡಿತು.

ಅಣ್ಣ ಕೆಟ್ಟವನಲ್ಲ, ದಣಿದವನು. ಮಧ್ಯಾಹ್ನದವರೆಗೂ ಗೋಗರೆದ, ಗದರಿದ, ಕೊನೆಗೆ ಕೈಚೆಲ್ಲಿದ. "ಸರಿ ಕಣೇ. ಶೆಡ್ ನಿಂದು, ಮನೆ ನಂದು. ನಾಳೆ ಬಂದು ಮನೇಲಿ ಪಾಲು ಅಂತ ಬಾಯಿ ತೆಗೀಬಾರದು."

"ತೆಗೆಯಲ್ಲ."

"ಹೊಟ್ಟೆಗೇನು ತಿಂತೀಯ? ತಗಡಾ?"

"ಹಲ್ಲು ಗಟ್ಟಿ ಇದೆ ಬಿಡು."

ಅವತ್ತು ಸಂಜೆಯೇ ಹಾಸಿಗೆ ಸುತ್ತಿಕೊಂಡು ಬಂದು ಶೆಡ್ಡಿನ ಅಟ್ಟದ ಮೇಲೆ ಹಾಸಿಕೊಂಡಳು. ಬೇಕರಿಯವರಿಗೆ ತಟ್ಟೆ, ಮನೆಯವರಿಗೆ ಟ್ರಂಕಿನ ಮುಚ್ಚಳ, ಯಾರ್ಯಾರದೋ ಸೋರುವ ಬಕೆಟ್ಟು, ಬಂದ ಕೆಲಸವನ್ನೆಲ್ಲ ಮಾಡಿದಳು. ಅತ್ತಿಗೆ ಆಗಾಗ ಡಬ್ಬಿಯಲ್ಲಿ ಊಟ ತಂದು, ಬೈದು, ಡಬ್ಬಿ ತೊಳೆದುಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಕಾರಿನಿಂದ ಇಳಿದವಳು ಒಬ್ಬ ಡಿಸೈನರ್. ಹಳೇ ಗೋದಾಮೊಂದನ್ನು ದೊಡ್ಡವರ ಹೋಟೆಲ್ಲಾಗಿ ಮಾಡುವ ಕೆಲಸ ಅವಳದು. ಅದರ ಚಾವಣಿಗೆ ಲೋಹದ ಹಾಗೆ ಬಣ್ಣ ಬಳಿದ ಪ್ಲಾಸ್ಟಿಕ್ ಹಾಳೆ ಹಾಕಿ ನೋಡಿದ್ದಳಂತೆ. ದೀಪದ ಶಾಖಕ್ಕೆ ಅದು ಹಪ್ಪಳದ ಹಾಗೆ ಸುರುಟಿಕೊಂಡಿತಂತೆ.

ಗೋಡೆಗೆ ಒರಗಿಸಿದ್ದ ಅಚ್ಚುಗಳನ್ನು ಒಂದೊಂದಾಗಿ ಸವರಿ ನೋಡುತ್ತಾ ಬಂದವಳು ಮೂಲೆಯದೊಂದರ ಮುಂದೆ ನಿಂತಳು. ಸುಳಿಯೊಳಗೆ ಸುಳಿ ಸುತ್ತಿದ ಎಲೆಗಳು, ನಡುವೆ ಬಾಯ್ದೆರೆದ ಶಂಖ. "ಅಕ್ಕ, ಇದು. ತಾಮ್ರದಲ್ಲಿ."

"ಅದೊಂದು ಬೇಡ. ನಮ್ಮಪ್ಪನೇ ಕೈಬಿಟ್ಟಿದ್ದ. ಆಳ ಜಾಸ್ತಿ, ತಗಡು ಹರಿದುಹೋಗುತ್ತೆ."

"ಆಗಲ್ಲ ಅಂತೀರಾ?"

ತಗಡಕ್ಕನಿಗೆ ಆ ಒಂದು ಮಾತು ಆಗಿಬರುತ್ತಿರಲಿಲ್ಲ. "ಆಗಲ್ಲ ಅಂತ ಯಾರಂದ್ರು?" ಅಂದುಬಿಟ್ಟಳು.

ಅಂದದ್ದು ಸುಲಭ, ಮಾಡಿದ್ದು ಕಷ್ಟ. ಹಾಳೆ ಮೇಲೆ ಹಾಳೆ ಶಂಖದ ತುಟಿಯ ಹತ್ತಿರವೇ ಪಟ್ಟನೆ ಸೀಳಿತು. ಹರಿದದ್ದನ್ನು ಮಡಚಿ ಮೂಲೆಗೆ ಎಸೆದು, ಅಪ್ಪನಿಗೂ ಆ ಶಂಖಕ್ಕೂ ಒಟ್ಟಿಗೇ ಬೈದಳು. ಕೊನೆಗೆ ಒಂದೇ ಸಲಕ್ಕೆ ಒತ್ತುವುದನ್ನು ಬಿಟ್ಟಳು. ತಗಡನ್ನು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿ, ಅರ್ಧ ಒತ್ತಿ, ತೆಗೆದು ಮತ್ತೆ ಕಾಯಿಸಿ, ಉಳಿದರ್ಧ ಒತ್ತಿದಳು. ಶಂಖ ಇಡಿಯಾಗಿ ಎದ್ದು ಬಂತು. ಅವಳು ಅದನ್ನು ಎದೆಗವಚಿಕೊಂಡು ಓಡಿದ್ದು ಅಣ್ಣನ ಮನೆಗೆ. ಅಣ್ಣ ಬಹಳ ಹೊತ್ತು ಬೆರಳಾಡಿಸಿ, "ಅಪ್ಪ ಇರಬೇಕಿತ್ತು," ಅಂದ. ಆಮೇಲೆ ಮುಖ ಬಿಗಿದು, "ಬಿಸಿ ಆರೋಕೆ ಮುಂಚೆ ಮುಟ್ಟಬೇಡ, ಕೈ ಸುಟ್ಕೋತೀಯ," ಅಂದ.

ಚೌಕಗಳನ್ನು ಹಳೇ ಕಂಬಳಿಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಒಟ್ಟಿ, ಕಂತು ಕಂತಾಗಿ ತಾನೇ ತಳ್ಳಿಕೊಂಡು ಹೋದಳು. ಹೋಟೆಲ್ಲಿನೊಳಗೆ ಕಟ್ಟಿದ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ಚಾವಣಿಗೆ ಜೋಡಿಸಿದಳು. ಬರೀ ಲೋಹವಾದರೆ ತಟ್ಟೆ ಚಮಚೆಯ ಸದ್ದೆಲ್ಲ ಊಟ ಮಾಡುವವರ ತಲೆಗೇ ಬಡಿಯುತ್ತದೆ ಎಂದು ಡಿಸೈನರ್ ಹೇಳಿದ್ದಕ್ಕೆ ಪ್ರತಿ ಚೌಕದ ಬೆನ್ನಿಗೂ ದಪ್ಪ ಉಣ್ಣೆಯ ಬಟ್ಟೆ ಮೊದಲೇ ಅಂಟಿಸಿದ್ದಳು. ಕತ್ತು ಹಿಡಿದುಕೊಂಡು ವಾರಗಟ್ಟಲೆ ಕೊಕ್ಕರೆಯ ಹಾಗೆ ನಡೆದಳು. ದೀಪ ಹಾಕಿದ ದಿನ ಇಡೀ ಕೋಣೆಗೆ ಜೇನಿನ ಬಣ್ಣ ಇಳಿಯಿತು. ಡಿಸೈನರ್ ಅವಳ ಮಸಿ ಕೈ ಹಿಡಿದುಕೊಂಡಳು.

ಪ್ರಾರಂಭದ ಸಂಜೆ ಹೋಟೆಲ್ಲಿನ ಮಾಲೀಕ ತಗಡಕ್ಕನಿಗೂ ಬರಹೇಳಿದ್ದ. ಊಟಕ್ಕಲ್ಲ, ಯಾವುದಾದರೂ ಚೌಕ ಸಡಿಲವಾದರೆ ಕೈಗೆ ಸಿಗಲಿ ಎಂದು ಅಡುಗೆಮನೆಯ ಬಾಗಿಲ ಬಳಿ ನಿಲ್ಲಿಸಿದ್ದ. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಒಳಗೆ ಬಂದ ಒಬ್ಬೊಬ್ಬರೂ ಕತ್ತೆತ್ತಿ ಬಾಯಿ ಬಿಡುವುದನ್ನು ನೋಡುತ್ತಾ ನಿಂತಿದ್ದಳು.

ಆಗ ಮಾಲೀಕನ ದನಿ ಕೇಳಿತು. "ಇದಾ? ವಿದೇಶದ್ದು. ನೂರು ವರ್ಷದ ಹಳೇ ಅರಮನೆದು. ಕಳಚಿ ಹಡಗಲ್ಲಿ ತರಿಸಿದ್ದು."

ತಗಡಕ್ಕನ ಕಿವಿ ನೆಟ್ಟಗಾಯಿತು. ತಪ್ಪು ಕೇಳಿಸಿಕೊಂಡೆನೇನೋ ಅಂದುಕೊಂಡಳು. ಮುಂದಿನ ಮೇಜಿಗೆ ಹೋದ ಅವನು ಅದನ್ನೇ ಹೇಳಿದ. ಈ ಸಲ ಅರಮನೆಗೆ ಒಬ್ಬ ರಾಣಿಯೂ ಬಂದಿದ್ದಳು. ಮೈಯೆಲ್ಲ ಉರಿದುಹೋಯಿತು ತಗಡಕ್ಕನಿಗೆ. ಮೇಜುಗಳ ನಡುವೆ ಸೀದಾ ನಡೆದು ಹೋದಳು.

"ಸುಳ್ಳು," ಅಂದಳು. ಪ್ರೆಸ್ಸಿನ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು, ಕೋಣೆಯೆಲ್ಲ ಕೇಳಿತು. "ಇದು ನಮ್ಮಪ್ಪ ಕೊರೆದ ಅಚ್ಚು, ನಾನು ಒತ್ತಿದ ತಗಡು. ಹಡಗೂ ಇಲ್ಲ, ರಾಣಿಯೂ ಇಲ್ಲ. ತಳ್ಳುಗಾಡೀಲಿ ಬಂದಿದ್ದು, ತಳ್ಳಿದವಳು ನಾನು."

ಚಮಚೆಗಳು ನಿಂತವು. ಮಾಲೀಕ ನಗುತ್ತಲೇ ಅವಳನ್ನು ಬದಿಗೆ ಕರೆದ. "ಏನಮ್ಮ, ನನ್ನ ಇನ್ನೆರಡು ಹೋಟೆಲ್ ಏಳ್ತಾ ಇವೆ. ಅದರ ಚಾವಣಿಯೂ ನಿಂದೇ. ಈಗ ಹೋಗಿ 'ತಮಾಷೆಗೆ ಅಂದೆ' ಅನ್ನು."

"ಅನ್ನಲ್ಲ."

"ನಿನ್ನ ಹೆಸರು ಹೇಳಿದ್ರೆ ಯಾರು ಬರ್ತಾರೆ ಇಲ್ಲಿಗೆ?"

"ಬಂದು ಕೂತಿದ್ದಾರಲ್ಲ, ನೋಡಿ."

ಅವನ ನಗು ಕಳಚಿತು. "ಬರೀ ತಗಡು ನೀನು!"

"ಹೌದು, ತಗಡೇ. ನಿಮ್ಮ ನೆತ್ತಿ ಮೇಲಿರೋ ತಗಡು," ಅಂದವಳೇ ಹೊರಟಳು. ಬಂದದ್ದು ಹಿಂಬಾಗಿಲಿಂದ, ಹೋದದ್ದು ಮುಂಬಾಗಿಲಿಂದ. ಬಾಗಿಲು ಕಾಯುವವನು ಏನೂ ತಿಳಿಯದೆ ಸಲಾಮು ಹೊಡೆದ.

ಆ ಎರಡು ಹೋಟೆಲ್ಲುಗಳಿಗೆ ಬಿಳೀ ಬೋರ್ಡು ಬಿತ್ತು. ಡಿಸೈನರ್ ಕೂಡ ಆ ಮಾಲೀಕನ ಸಹವಾಸ ಬಿಟ್ಟಳು, ಅಥವಾ ಅವನೇ ಬಿಡಿಸಿದ. ಸುದ್ದಿ ಕೇಳಿದ ಅಣ್ಣ ಹಣೆ ಚಚ್ಚಿಕೊಂಡ. "ಒಂದು ಸುಳ್ಳಿಗೆ ಸುಮ್ಮನಿರೋಕಾಗಲಿಲ್ವಾ ನಿಂಗೆ?"

"ಅವನು ಹೊಗಳಿದ್ದು ಅಪ್ಪನ ಕೆಲಸ ಅಣ್ಣ, ಹೆಸರು ಕೊಟ್ಟಿದ್ದು ಯಾವುದೋ ಅರಮನೆಗೆ. ನೀನಿದ್ದಿದ್ರೆ ಸುಮ್ಮನಿರ್ತಿದ್ಯಾ?"



ಮತ್ತೆ ಬಕೆಟ್ಟು, ಮತ್ತೆ ಮುಚ್ಚಳ. ಕೈ ಬಿಗಿಯಾಗಿಯೇ ಕಾಲ ಹೋಯಿತು. ಆದರೆ ಅವತ್ತಿನ ಮಾತು ಮೇಜಿಂದ ಮೇಜಿಗೆ ಹೋಗಿ ಊರೆಲ್ಲ ಸುತ್ತಿತ್ತು. ಚಾವಣಿಯ ಬಗ್ಗೆ ಕೇಳಿದ ಗಿರಾಕಿಗಳಿಗೆ ಬಡಿಸುವವರೇ ದನಿ ತಗ್ಗಿಸಿ ಶೆಡ್ಡಿನ ದಾರಿ ಹೇಳುತ್ತಿದ್ದರಂತೆ. ಮಳಿಗೆಯವರೊಬ್ಬರು ಬಂದರು. ಹಳೇ ನಾಟಕದ ಮನೆ ರಿಪೇರಿ ಮಾಡಿಸುತ್ತಿದ್ದವರು ಬಂದರು. "ಮಾಡ್ತೀನಿ. ಆದರೆ ಯಾರು ಮಾಡಿದ್ದು ಅಂತ ಬಾಗಿಲ ಹತ್ತಿರ ಬರೆಸಬೇಕು," ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು. ಮಳಿಗೆಯವರು ಮೂಗು ಮುರಿದು ಎದ್ದು ಹೋದರು. ನಾಟಕದ ಮನೆಯವರು ಒಪ್ಪಿದರು.

ಅಪ್ಪ ಬದುಕಿದ್ದಾಗ ಅವಳ ಕೈಗೆ ಉಳಿ ಕೊಟ್ಟಿರಲಿಲ್ಲ. ಕೊರೆಯುವುದು ಅವನದು, ಒತ್ತುವುದು ಅವಳದು. ನಾಟಕದ ಮನೆಗೆಂದು ಈಗ ಮೊದಲ ಸಲ ಅವಳೇ ಅಚ್ಚು ಕೊರೆಯಲು ಕೂತಳು. ಬೆರಳಿಗೆ ಗಾಯವಾಯಿತು, ಬಟ್ಟೆ ಸುತ್ತಿ ಮುಂದುವರಿಸಿದಳು. ಒಂದು ಮಧ್ಯಾಹ್ನ ಅಣ್ಣ ಬಂದು ಬಗ್ಗಿ ನೋಡಿ, "ಈ ಬಳ್ಳಿ ಸೊಟ್ಟಗಿದೆಯಲ್ಲೇ," ಅಂದ.

"ಬಳ್ಳಿ ಸೊಟ್ಟಗೇ ಇರುತ್ತೆ. ನೀನು ಬೆಳಕಿಗೆ ಅಡ್ಡ ನಿಂತಿದ್ದೀಯ, ಆಚೆ ಸರಿ," ಅಂದಳು ತಗಡಕ್ಕ, ತಲೆ ಎತ್ತದೆ.